ಮೆಂತ್ಯದ ಚೀಟಿಯ ಕೊನೆಯ ಸಾಲು

ಪ್ರೀತಿಯ ಅತ್ತೆ,

ನಿನ್ನ ಮೆಂತ್ಯದ ಪುಡಿಯ ಚೀಟಿಗಳು ಇನ್ನೂ ಅಚ್ಚಾಗಿಲ್ಲ. ಕಾಗದ ಕತ್ತರಿಸಿಟ್ಟಿದ್ದೇನೆ, ನೀನು ಕೇಳಿದ ಹಸಿರು ಮಸಿಯನ್ನೂ ತೆಗೆದಿಟ್ಟಿದ್ದೇನೆ. ಆದರೆ ಯಂತ್ರ ನಿಂತಿದೆ. ನಿಲ್ಲಿಸಿದವಳು ನಾನೇ. ನೀನು ಬರೆದುಕೊಟ್ಟಿದ್ದನ್ನೆಲ್ಲ ಸಂತೋಷದಿಂದ ಅಚ್ಚು ಹಾಕುತ್ತೇನೆ, ಕೊನೆಯ ಸಾಲೊಂದನ್ನು ಬಿಟ್ಟು. ‘ಈ ಪುಡಿ ಶುರು ಮಾಡಿದ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟುಬಿಡಿ’ ಎಂಬ ಆ ಸಾಲು ನನ್ನ ಕೈಯಿಂದ ಅಚ್ಚಾಗುವುದಿಲ್ಲ.

ನಿನ್ನೆ ನಿನ್ನ ಮನೆಯ ಮೆಟ್ಟಿಲ ಮೇಲೆ ಇದನ್ನೇ ಹೇಳಹೊರಟೆ. “ನಾನು ಒರೆಸಿದ ಮೂಗು ಇವತ್ತು ನನಗೇ ಬುದ್ಧಿ ಹೇಳೋಕೆ ಬಂತು” ಎಂದು ನೀನು ಬಾಗಿಲು ಹಾಕಿಕೊಂಡೆ. ನಾನೇನು ಸುಮ್ಮನಿದ್ದೆನೇ? ಅಕ್ಕಪಕ್ಕದವರೆಲ್ಲ ಕಿಟಕಿಗೆ ಬರುವ ಹಾಗೆ ಕೂಗಾಡಿದೆ. ಎದುರುಬದುರು ನಿಂತರೆ ನಾವಿಬ್ಬರೂ ಸೋಲುವವರಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ನನ್ನ ಮಾತನ್ನು ಅರ್ಧಕ್ಕೆ ತುಂಡು ಮಾಡಲಾರೆ.

ನಾನು ಮೆಂತ್ಯದ ವೈರಿ ಎಂದು ನೀನು ತಿಳಿದಿದ್ದರೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಅಪ್ಪ ತೀರಿಕೊಂಡ ವರ್ಷ ನೀನು ನನ್ನನ್ನು ಕರೆತಂದು ಮೊದಲು ತೋರಿಸಿದ್ದು ಮಲಗುವ ಕೋಣೆಯನ್ನಲ್ಲ, ಸರಕು ಗೋದಾಮಿನ ಹಿಂದಿನ ಆ ಪಾಳು ಜಾಗವನ್ನು. ಇಬ್ಬರೂ ಸೇರಿ ಜಲ್ಲಿ, ಗಾಜಿನ ಚೂರು ಆರಿಸಿ ತೆಗೆದೆವು. ನೀರು ನಿಂತರೆ ಬೇರು ಕೊಳೆಯುತ್ತದೆಂದು ಮಡಿಗಳನ್ನು ಎತ್ತರಿಸಿದೆವು. ಹಿಂದಿನ ದಿನವೇ ನೆನೆಸಿದ ಬೀಜವನ್ನು ಸಾಲಿಗೆ ಬಿಡುವಾಗ ನಾನು ಅವಸರಕ್ಕೆ ಮುಷ್ಟಿಗಟ್ಟಲೆ ಸುರಿದರೆ, ನೀನು ಬೆರಳ ತುದಿಯಿಂದ ಹೆಕ್ಕಿ ಮತ್ತೆ ದೂರ ದೂರ ಇಡುತ್ತಿದ್ದೆ. “ಗಾಳಿ ಆಡದಿದ್ರೆ ಎಲೆಗೆ ಬೂದಿ ರೋಗ ಹತ್ತುತ್ತೆ ಕಣೇ, ಅದಕ್ಕೂ ಉಸಿರು ಬೇಕು.” ತಂಪು ದಿನಗಳಲ್ಲಿ ಗೇಣುದ್ದ ಬೆಳೆದ ಸೊಪ್ಪನ್ನು ಚಿವುಟಿ ಮಾರುತ್ತಿದ್ದೆವು. ಅರ್ಧ ಮಡಿಯನ್ನು ಮಾತ್ರ ಮುಟ್ಟದೆ ಬೀಜಕ್ಕೆ ಬಿಡುತ್ತಿದ್ದೆವು. ಕಾಯಿ ಹಳದಿಗೆ ತಿರುಗಿದ ಮೇಲೆ ಗಿಡ ಕೀಳುವುದು ಇಬ್ಬನಿ ಆರುವ ಮುಂಚೆಯೇ ಆಗಬೇಕು, ಬಿಸಿಲೇರಿದರೆ ಕಾಯಿ ಸಿಡಿದು ಬೀಜವೆಲ್ಲ ಮಣ್ಣುಪಾಲು ಎಂದು ನನ್ನನ್ನು ಹಾಸಿಗೆಯಿಂದ ಎಳೆದೊಯ್ಯುತ್ತಿದ್ದೆ. ನನ್ನ ಕೂದಲಿಗೆ, ಶಾಲೆಯ ಚೀಲಕ್ಕೆ, ಕೊನೆಗೆ ಬೆವರಿಗೂ ಮೆಂತ್ಯದ್ದೇ ವಾಸನೆ. ಪಕ್ಕದ ಬೆಂಚಿನವಳು ಮೂಗು ಮುಚ್ಚಿಕೊಂಡಳೆಂದು ಅತ್ತಾಗ “ಅವಳಿಗೂ ಒಂದು ಕಟ್ಟು ಕೊಡು, ಆಮೇಲೆ ಇಬ್ಬರೂ ಒಂದೇ ವಾಸನೆ” ಎಂದು ನಕ್ಕವಳು ನೀನು.

ಮೆಂತ್ಯದ ಒಳ್ಳೆಯತನ ನನಗೆ ಗೊತ್ತು. ಅಚ್ಚುಮನೆಗೆ ಸೇರಿದ ಮೇಲೆ ಆರೋಗ್ಯದ ಕರಪತ್ರ ಯಾವುದು ಬಂದರೂ ಮಸಿ ಆರುವ ಮುಂಚೆ ಓದುತ್ತೇನೆ. ಓದಿದ್ದು ತಿಳಿಯದಿದ್ದರೆ ಗ್ರಂಥಾಲಯದಲ್ಲಿ ಕೂತು ಇನ್ನೊಂದನ್ನು ಓದುತ್ತೇನೆ. ಈ ಬೀಜವನ್ನು ನೆನೆಸಿದರೆ ಬರುವ ಲೋಳೆ ಹೊಟ್ಟೆಯಲ್ಲಿ ಊಟವನ್ನು ನಿಧಾನಕ್ಕೆ ಬಿಡುತ್ತದೆ, ಹಾಗಾಗಿ ಸಕ್ಕರೆ ಒಮ್ಮೆಗೇ ರಕ್ತಕ್ಕೆ ಏರುವುದಿಲ್ಲ. ನಾರು ಹೆಚ್ಚಿರುವುದರಿಂದ ಕೆಲವರ ಮಲಬದ್ಧತೆಯೂ ಸರಿಹೋಗುತ್ತದೆ. ಮೆಂತ್ಯ ಅಂದರೆ ಸಾಕು, ನಗುವ ಡಾಕ್ಟರುಗಳಿದ್ದಾರಲ್ಲ, ಅವರ ಮೇಲೂ ನನಗೆ ಸಿಟ್ಟಿದೆ. ನಗುವವರಿಗೆ ಹೆದರಿ ಜನ ಏನು ತಿನ್ನುತ್ತಿದ್ದೇವೆಂದು ಬಾಯಿಬಿಡುವುದಿಲ್ಲ. ಬಾಯಿಬಿಡದ್ದರಿಂದಲೇ ನಮ್ಮ ದರ್ಜಿಯಣ್ಣ ಅವತ್ತು ಬಿದ್ದದ್ದು.

ಅದನ್ನು ನೀನೂ ಕಂಡಿದ್ದೀಯ, ನಾನೂ ಕಂಡಿದ್ದೇನೆ. ನಿನ್ನ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಅಣ್ಣ ಬೆಳಗಿನ ಮಾತ್ರೆ ನುಂಗಿದ್ದ. ನೀನು ಹೇಳಿದ್ದಕ್ಕಿಂತ ಹೆಚ್ಚು ಪುಡಿ ಕಲಸಿ ಕುಡಿದಿದ್ದ. ಕೋಟು ಒಪ್ಪಿಸುವ ಅವಸರದಲ್ಲಿ ತಿಂಡಿ ತಿಂದಿರಲಿಲ್ಲ. ಹೊಲಿಗೆ ಯಂತ್ರದ ಮೇಲೆಯೇ ಕುಸಿದ. ನೀನು ಓಡಿಬಂದು ಬೆವರಿನಿಂದ ಮೈಯೆಲ್ಲ ಒದ್ದೆಯಾಗಿದ್ದರೂ ನುಂಗುವಷ್ಟು ಎಚ್ಚರವಿದ್ದ ಅವನ ಬಾಯಿಗೆ ಸಕ್ಕರೆ ನೀರು ಹಾಕಿದೆ. ನಾನು ಗಾಬರಿಯಲ್ಲಿ ಅವನ ಕತ್ತರಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಅವನು ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, “ಕೋಟಿಗೆ ಕಲೆ ಆಗಿಲ್ಲ ತಾನೇ?”

ಅಲ್ಲಿಯವರೆಗೆ ನೀನು ಮಾಡಿದ್ದೆಲ್ಲ ಸರಿ. ಆಮೇಲೆ ನೀನು ಹಾಕಿದ ಲೆಕ್ಕ ತಪ್ಪು. “ನೋಡಿದ್ಯಾ, ನನ್ನ ಪುಡಿಯೇ ಸಾಕಾಗಿತ್ತು. ಅದರ ಮೇಲೆ ಆ ಮಾತ್ರೆ ಬೇರೆ, ಅದಕ್ಕೇ ಬಿದ್ದ” ಅಂದೆ. ಪುಡಿ, ಮಾತ್ರೆ, ಬರಿ ಹೊಟ್ಟೆ ಮೂರೂ ಸೇರಿ ಅವನನ್ನು ಬೀಳಿಸಿದವು ಅತ್ತೆ. ಅದರಿಂದ ಪುಡಿಯೊಂದೇ ಸಾಕೆಂದು ಹೇಗಾಗುತ್ತದೆ? ಮೂವರು ಸೇರಿ ತಳ್ಳಿದ ಗಾಡಿಯನ್ನು ಒಬ್ಬನೇ ತಳ್ಳಬಲ್ಲ ಅಂದ ಹಾಗಾಯಿತು. ಡಾಕ್ಟರಿಗೆ ಪುಡಿಯ ವಿಷಯ ತಿಳಿದಿದ್ದರೆ ಸಕ್ಕರೆ ಪರೀಕ್ಷಿಸಿ ಮಾತ್ರೆಯನ್ನು ಇಳಿಸುವುದೋ ಬಿಡುವುದೋ ಅವರು ನೋಡುತ್ತಿದ್ದರು. ಅದು ನಿನ್ನ ಕೆಲಸವಲ್ಲ, ನನ್ನದೂ ಅಲ್ಲ.

ಅಚ್ಚುಮನೆಯ ಯಜಮಾನರು ನನ್ನನ್ನು ಗೇಲಿ ಮಾಡುತ್ತಿದ್ದಾರೆ. “ನಾವು ಅಚ್ಚು ಹಾಕೋರು ಕಣಮ್ಮ. ಮದುವೆ ಕಾಗದ ಹಾಕುವಾಗ ಜೋಡಿ ಸರಿಹೋಗುತ್ತಾ ಅಂತ ಕೇಳ್ತೀವಾ?” ಕೇಳಿದ್ದರೆ ಅರ್ಧ ಊರು ಉದ್ಧಾರವಾಗುತ್ತಿತ್ತು ಅಂದೆ. ಅವರು ನಕ್ಕು, ಸಂತೆಯ ಹಿಂದಿನ ದಿನದೊಳಗೆ ನಾನು ಹಾಕದಿದ್ದರೆ ತಾವೇ ನಿಂತು ಹಾಕುವುದಾಗಿ ಹೇಳಿದ್ದಾರೆ. ಹಾಕಲಿ. ಸಂತೆಯಲ್ಲಿ ಎಂದಿನಂತೆ ನಿನ್ನ ಪಕ್ಕ ಕೂತು ಪೊಟ್ಟಣ ಕಟ್ಟುತ್ತೇನೆ, ಕೊಂಡವರೊಬ್ಬೊಬ್ಬರಿಗೂ ಮಾತ್ರೆ ಬಿಡಬೇಡಿ ಎಂದು ಹೇಳುತ್ತೇನೆ. ನೀನು ಎಬ್ಬಿಸಿದರೆ ಎದುರಿಗೆ ಹೋಗಿ ನಿಂತು ಹೇಳುತ್ತೇನೆ. ನನ್ನ ಗಂಟಲು ಎಂಥದ್ದೆಂದು ನಿನಗೆ ಗೊತ್ತಲ್ಲ.

ಆ ಸಾಲಿನ ಜಾಗದಲ್ಲಿ ಏನಿರಬೇಕೆಂದು ಬರೆದಿದ್ದೇನೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಪುಡಿ ಶುರು ಮಾಡುವ ಮುಂಚೆ ಡಾಕ್ಟರಿಗೆ ತಿಳಿಸಿ, ತಾವಾಗಿ ಮಾತ್ರೆ ಬಿಡಬೇಡಿ. ರಕ್ತ ತೆಳುವಾಗಿಸುವ ಔಷಧಿ ತಿನ್ನುವವರೂ ಕೇಳಿಯೇ ತಿನ್ನಿ. ಬಸುರಿಯರು ಅಡುಗೆಗೆ ಹಾಕುವಷ್ಟು ಬಳಸಲಿ, ಚಮಚಗಟ್ಟಲೆ ಪುಡಿ ಬೇಡ. ಕಡಲೆ, ಶೇಂಗಾ ಒಗ್ಗದವರಿಗೆ ಇದೂ ಒಗ್ಗದಿರಬಹುದು, ಮೈ ತುರಿಸಿದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. “ಇಷ್ಟೆಲ್ಲ ಬರೆದರೆ ಇಲಿ ಪಾಷಾಣ ಅಂದ್ಕೊಂಡು ಓಡಿಹೋಗ್ತಾರೆ” ಎಂದು ನೀನು ಅನ್ನುವುದು ನನಗೆ ಇಲ್ಲಿಗೇ ಕೇಳುತ್ತಿದೆ. ಓಡುವುದಿಲ್ಲ ಅತ್ತೆ. ನಿನ್ನ ಸೊಪ್ಪಿನಲ್ಲಿ ಹುಳ ಇದ್ದ ದಿನ ನೀನೇ ಎಲೆ ಮಗುಚಿ ತೋರಿಸಿ ಮಾರಿದವಳು. ಯಾರು ಓಡಿಹೋದರು?

ಅಚ್ಚುಮನೆಯ ಜಗಳ ಹಾಗಿರಲಿ. ಇವತ್ತು ಮಧ್ಯಾಹ್ನ ನಡೆದದ್ದಕ್ಕೆ ಸಂತೆಯವರೆಗೆ ಕಾಯಲು ಬರುವುದಿಲ್ಲ. ದರ್ಜಿಯಣ್ಣನ ಅಂಗಡಿಗೆ ಹೋಗಿದ್ದೆ. ಸೂಜಿಗೆ ದಾರ ಪೋಣಿಸಲಾರದೆ ನನ್ನ ಕೈಗೆ ಕೊಟ್ಟ. ಅವನ ಪಕ್ಕ ನೀರಿನ ಚೆಂಬು ಖಾಲಿಯಾಗುತ್ತಲೇ ಇತ್ತು, ಹಿತ್ತಿಲಿಗೆ ಹೋಗಿಬರುವುದರಲ್ಲೇ ಹೊಲಿಗೆ ನಿಂತಿತ್ತು. ಮಾತ್ರೆ ಎಲ್ಲಿ ಎಂದು ಕೇಳಿದರೆ ಗುಂಡಿ ಡಬ್ಬಿ ತೋರಿಸಿದ, ಗುಂಡಿಗಳ ನಡುವೆ ಅವೂ ಬಿದ್ದಿವೆ. ನೀನು ಬಿಡು ಎಂದು ಹೇಳಿದ ದಿನದಿಂದ ಮುಟ್ಟಿಲ್ಲ. ಕೈಹಿಡಿದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಸಿಸ್ಟರ್ ಬೆರಳು ಚುಚ್ಚಿ ನೋಡಿ, ಸಕ್ಕರೆ ತುಂಬ ಏರಿದೆ, ಕಣ್ಣು ಮಂಜಾಗುತ್ತಿರುವುದು ಅದಕ್ಕೇ ಎಂದರು. ಡಾಕ್ಟರೂ ಬಂದು ನೋಡಿದರು. ಪುಡಿಯ ವಿಷಯವನ್ನು ನಾನೇ ಹೇಳಿದೆ. ನಗಲಿಲ್ಲ, ಎಷ್ಟು ತಿನ್ನುತ್ತಾನೆಂದು ಕೇಳಿ ಬರೆದುಕೊಂಡರು. ಸದ್ಯಕ್ಕೆ ಪುಡಿ ನಿಲ್ಲಿಸಿ, ಇವತ್ತು ಸಂಜೆ ಊಟದ ಜೊತೆಗೇ ಮಾತ್ರೆ ಶುರು ಮಾಡಿ, ನಾಳೆ ಬೆಳಿಗ್ಗೆ ಮತ್ತೆ ಬನ್ನಿ ಎಂದರು.

ಅಣ್ಣ ಅಲ್ಲಿ ತಲೆಯಾಡಿಸಿದ. ಹೊರಗೆ ಬಂದವನೇ ನನ್ನ ಮುಖ ನೋಡಿ ನಕ್ಕ. “ಅವರು ಹೇಳ್ತಾರಮ್ಮ, ಹೇಳೋದೇ ಅವರ ಕೆಲಸ. ನಿಮ್ಮತ್ತೆ ಬೇಡ ಅಂದಿದ್ದಾರೆ. ಅವರ ಮಾತು ನನಗೆ ಅಳತೆ ಟೇಪು ಇದ್ದ ಹಾಗೆ. ಅವರೇ ಬಂದು ತಗೋ ಅಂದ್ರೆ ತಗೋತೀನಿ.”

ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ಓದಿದ ನಾನು, ಬಿಳಿ ಕೋಟಿನ ಡಾಕ್ಟರು, ಬೆರಳಿನ ರಕ್ತ ಯಾವುದೂ ಅವನಿಗೆ ಲೆಕ್ಕಕ್ಕಿಲ್ಲ. ಯಾಕೆಂದರೆ ನೀನು ಇಷ್ಟು ವರ್ಷ ಯಾರಿಗೂ ಹುಳುಕು ಬೀಜ ಕೊಟ್ಟಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ. ನೀನು ಸುಳ್ಳಿಯಾಗಿದ್ದರೆ ಆ ಸಾಲಿಗೆ ನಾನು ಹೆದರುತ್ತಿರಲಿಲ್ಲ. ಯಾರೂ ನಂಬುತ್ತಿರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ಬೇಡಿಕೊಳ್ಳುತ್ತಿಲ್ಲ. ಚೀಟಿಯ ಜಗಳ ನಾಳೆ ಆಡೋಣ. ನನ್ನ ಮೇಲಿನ ಸಿಟ್ಟನ್ನು ಬಿಡಬೇಡ, ಜೊತೆಗೇ ತೆಗೆದುಕೊಂಡು ಬಾ. ಆದರೆ ಈಗ ಎದ್ದು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿ. ಅಣ್ಣನಿಗೆ ಊಟ ಬಡಿಸಿಟ್ಟು ಅಂಗಡಿಯಲ್ಲಿ ಅವನೆದುರು ಕೂತಿದ್ದೇನೆ, ಈ ಕಾಗದ ಬರೆದದ್ದೂ ಅವನ ಕತ್ತರಿಸುವ ಮೇಜಿನ ಮೇಲೆಯೇ. ಗುಂಡಿ ಡಬ್ಬಿಯಿಂದ ಮಾತ್ರೆಗಳನ್ನು ಆರಿಸಿ ತೆಗೆದಿಟ್ಟಿದ್ದೇನೆ. ಅವನಿಗೆ ನಿನ್ನ ಬಾಯಿಂದ ಒಂದು ಮಾತು ಸಾಕು. ‘ನಾನು ತಪ್ಪಿದೆ’ ಎಂದು ನೀನು ಹೇಳಬೇಕಾಗಿಲ್ಲ. ‘ತಗೋ’ ಅನ್ನು, ಅಷ್ಟೇ.

ಬಾಗಿಲ ಸಂದಿಯಿಂದ ಇದನ್ನು ತಳ್ಳಿ ಕೆಳಗೆ ಹೋಗುತ್ತೇನೆ. ನೀನು ಬರುವ ತನಕ ಅಲ್ಲಿಂದ ಏಳುವುದಿಲ್ಲ. ನಿನ್ನ ಮಡಿಗಳು ಹಸಿರಾಗಿರಲಿ, ನಿನ್ನ ಮಾತಿಗೆ ಇರುವ ಬೆಲೆ ಹಾಗೇ ಉಳಿಯಲಿ. ಮೆಟ್ಟಿಲ ದೀಪ ಕೆಟ್ಟಿದೆ, ಗೋಡೆ ಹಿಡಿದುಕೊಂಡು ಇಳಿ.

ಇಂತು ನಿನ್ನ ಹಟವನ್ನೇ ಕುಡಿದು ಬೆಳೆದ,
ಸೋದರ ಸೊಸೆ