ಕಣ್ಣಾರೆ ನೋಡಿ ಟಿಕ್ ಹಾಕಿ

ಶುಕ್ರವಾರ, ಊಟದ ಹೊತ್ತು

ಚಿರಂಜೀವಿ ಟಿಕ್ಕಮ್ಮನಿಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಆಶೀರ್ವಾದ ಇಲ್ಲಿಗೆ ಮುಗಿಯಿತು, ಇನ್ನು ಮುಂದಿನದೆಲ್ಲ ಬೈಗುಳ. ನಿನ್ನೆ ರಾತ್ರಿ ನೀನು ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು, ನಾನು ಏಳುವಷ್ಟರಲ್ಲಿ ನೀನು ಹೊರಟಿದ್ದೆ. ಬೆಳಿಗ್ಗೆಯಿಂದ ಫೋನು ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಎದುರಿಗೆ ನಿಂತು ಹೇಳೋಣವೆಂದರೆ ನನ್ನ ಬಾಯಿ ನಿನಗೆ ಗೊತ್ತು, ಎರಡನೇ ಮಾತಿಗೇ ಅಕ್ಕಪಕ್ಕದವರೆಲ್ಲ ಕಿಟಕಿಗೆ ಬರುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ. ಮೇಲಾಗಿ ಈ ಪೆನ್ನಿಗೆ ದಾರ ಕಟ್ಟಿದ್ದಾರೆ, ಸಾಲಿನ ಕೊನೆಗೆ ಹೋದರೆ ಹಿಂದಕ್ಕೆ ಎಳೆಯುತ್ತದೆ. ಒತ್ತಕ್ಷರ ತಪ್ಪಿದ್ದರೆ ಆಫೀಸಿನ ಲೆಕ್ಕಕ್ಕೆ ಟಿಕ್ ಹಾಕುವ ಹಾಗೆ ಗುರುತು ಹಾಕುತ್ತಾ ಕೂರಬೇಡ, ಪೂರ್ತಿ ಓದು.

ನಿನ್ನೆ ಸಂಜೆ ನಿನ್ನ ಕೈಕೆಳಗಿನ ಹುಡುಗಿ, ಆ ಗುಂಗುರು ಕೂದಲಿನವಳು, ಮನೆಗೆ ಬಂದಿದ್ದಳು. ಕೈಯಲ್ಲಿ ಒಂದು ಚೀಲ ಸೇಬು. ನಾನು ಸ್ಟೂಲ್ ಹತ್ತಿ ಫ್ಯಾನಿನ ರೆಕ್ಕೆ ಒರೆಸುತ್ತಿದ್ದೆ. “ಹಾಸಿಗೆ ಹಿಡಿದಿರೋ ಅಮ್ಮ ಒಬ್ರು ಇದಾರಂತಲ್ಲ, ಅವರು ಯಾವ ರೂಮಲ್ಲಿದಾರೆ?” ಎಂದು ಕೇಳಿದಳು. “ಆ ಅಮ್ಮ ನಾನೇ ಕಣೇ, ಮೊದಲು ಆ ಒದ್ದೆ ಬಟ್ಟೆ ಎತ್ತಿ ಕೊಡು” ಅಂದೆ.

ಪಾಪ, ಸೇಬಿನ ಚೀಲ ಕೆಳಗಿಟ್ಟು ಅತ್ತೇಬಿಟ್ಟಳು. ಆಮೇಲೆ ಒಂದೊಂದಾಗಿ ಹೊರಬಿತ್ತು. ನಿಮ್ಮ ಆಡಿಟ್ ಆಫೀಸಿನ ದೊಡ್ಡ ಸಾಹೇಬರು ಕುರ್ಚಿ ಬಿಡುತ್ತಿದ್ದಾರಂತೆ. ಅವರ ಜಾಗಕ್ಕೆ ಯಾರು ಎಂದು ಪಾಲುದಾರರೆಲ್ಲ ಸೇರಿ ಆರಿಸುವುದು ಇವತ್ತು ಮಧ್ಯಾಹ್ನವಂತೆ. ಎಲ್ಲರ ಬಾಯಲ್ಲೂ ನಿನ್ನ ಹೆಸರೇ ಇತ್ತಂತೆ, ಹೋದ ವಾರ ನೀನೇ ಅದನ್ನು ವಾಪಸು ತೆಗೆದುಕೊಂಡೆಯಂತೆ. ಕಾರಣ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ.

ನನ್ನನ್ನು ಹಾಸಿಗೆಗೆ ಹಾಕುವ ಮೊದಲು ನನಗೊಂದು ಮಾತು ಹೇಳಬಾರದಿತ್ತೇನೇ? ದಿಂಬಾದರೂ ಸರಿಮಾಡಿಕೊಳ್ಳುತ್ತಿದ್ದೆ.

ಮೊದಲು ನಿನ್ನ ಮೇಲೇ ಮೈ ಉರಿಯಿತು. ಆಮೇಲೆ ಯೋಚನೆ ಬಂತು, ನೀನು ಸುಳ್ಳು ಹೇಳುವವಳಲ್ಲ. ನನ್ನ ಅಡುಗೆ ಕೆಟ್ಟಿದ್ದರೆ ನೆಂಟರ ಮುಂದೆಯೇ ಕೆಟ್ಟಿದೆ ಎಂದವಳು. ಹಾಗಾದರೆ ಈ ಕಥೆ ಕಟ್ಟಿದವರು ಯಾರು?

ನಿನ್ನ ಗಂಡ ಬಂದು ಶೂ ಬಿಚ್ಚುವುದಕ್ಕೆ ಬಗ್ಗಿದಾಗಲೇ ಕೇಳಿದೆ. ಸೇಬು ನೋಡಿದ, ನನ್ನ ಮುಖ ನೋಡಿದ, ಬಗ್ಗಿದವನು ಬಗ್ಗಿದ ಹಾಗೇ ಉಳಿದ. ಬೆಳಗಿನ ವಾಕಿಂಗ್‌ನಲ್ಲಿ ದೊಡ್ಡ ಸಾಹೇಬರ ಕಿವಿಗೆ ಊದಿದವನು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಇವನೇ. “ಅಮ್ಮಾ, ಅವಳು ಆ ಕುರ್ಚಿಗೆ ಹೋದ್ರೆ ಮನೇಲಿ ನನ್ನ ಮಾತು ಯಾರು ಕೇಳ್ತಾರೆ?” ಎಂದ. “ಈಗ ಯಾರೋ ಕೇಳ್ತಿರೋದು?” ಅಂದೆ. “ಸಾಹೇಬರು ಕೇಳಿದಾಗ ಅವಳೂ ಸುಮ್ನೆ ತಲೆ ಬಗ್ಗಿಸಿದ್ಳಲ್ಲ, ಅವಳಿಗೂ ಬೇಡವಾಗಿತ್ತು” ಎಂದ.

ಅವನಿಗೆ ಅರ್ಥವಾಗದಿದ್ದರೆ ಹಾಳಾಗಿ ಹೋಗಲಿ, ನನಗೆ ಅರ್ಥವಾಯಿತು. ಸುಳ್ಳು ಎಂದರೆ ಎಲ್ಲರೆದುರು ಗಂಡನ ಮಾನ ಹೋಗುತ್ತದೆ ಎಂದು ನೀನು ತುಟಿ ಕಚ್ಚಿದೆ. ಅವನ ಮುಖ ಉಳಿಸಲು ನಿನ್ನ ಹೆಸರನ್ನೇ ಹೊಡೆದುಹಾಕಿದೆ. ಮನೆಯಲ್ಲೂ ಉಸಿರು ಬಿಡಲಿಲ್ಲ. ಇಡೀ ವಾರ ನನ್ನ ಜೊತೆ ಕೂತು ಊಟ ಮಾಡಲಿಲ್ಲ, ಕೆಲಸ ಕೆಲಸ ಎಂದು ಓಡಿದೆ. ನಾನು ದಡ್ಡಿ, ನನ್ನ ಮೇಲೇ ಏನೋ ಮುನಿಸು ಅಂದುಕೊಂಡೆ.

ಪೇಂಟ್ ಕಂಪನಿಯ ಗೋಡೌನಿಗೆ ದಾಸ್ತಾನು ನೋಡಲು ಹೋದ ಕಥೆ ನೀನೇ ಹೇಳಿದ್ದು, ನೆನಪಿದೆಯಾ? ಮ್ಯಾನೇಜರು ಮುಂದಿನ ಡಬ್ಬ ತೆಗೆದು ತೋರಿಸಿದನಂತೆ. ನೀನು ಏಣಿ ತರಿಸಿ, ಹಿಂದಿನ ಸಾಲಿಗೆ ಹತ್ತಿ, “ಅದು ಬೇಡ, ನಾನು ಕೈ ತೋರಿಸಿದ್ದು ತೆಗೀರಿ” ಎಂದೆಯಂತೆ. ಹಿಂದಿನ ಸಾಲು ಪೂರಾ ಖಾಲಿ ಡಬ್ಬ. ನೀನು ಹೇಳುವಾಗ ನಾನು ನಕ್ಕು ನಕ್ಕು ಕಣ್ಣಲ್ಲಿ ನೀರು ಹಾಕಿಕೊಂಡಿದ್ದೆ. ಊರವರ ಡಬ್ಬವನ್ನೆಲ್ಲ ತೆರೆಸಿ ನೋಡುವವಳು ನಿನ್ನ ಮನೆಯ ಡಬ್ಬವನ್ನು ಯಾಕೆ ಮುಚ್ಚಿಟ್ಟೆ? ಆ ಪಾಲುದಾರರಿಗಾದರೂ ಏನು ಬಂದಿದೆ? ಯಾರೋ ಹೇಳಿದರು, ಇವರು ಬರೆದುಕೊಂಡರು. ಒಬ್ಬನಾದರೂ ಬಂದು ಮುದುಕಿ ಮಲಗಿದ್ದಾಳೋ ಓಡಾಡುತ್ತಿದ್ದಾಳೋ ನೋಡಿದನಾ?

ನಿನ್ನ ಬದಲು ಬರುವವನು ಆ ಟೈ ಸಾಹೇಬನಂತೆ. ಗೋಡೌನಿನ ಫೋಟೋ ತರಿಸಿಕೊಂಡು ಕೂತಲ್ಲೇ ಸಹಿ ಹಾಕುತ್ತಾನೆ ಎಂದು ನೀನೇ ಗೊಣಗುತ್ತಿದ್ದೆ. “ಅಕ್ಕ ಬಂದ್ರೆ ಮದುವೆ ಆದವ್ರಿಗೂ ದೊಡ್ಡ ಕೆಲಸ ಕೊಡ್ತಾರೆ ಅಂತ ಕಾಯ್ತಿದ್ವಿ ಅಮ್ಮಾ. ಅವರು ಬಂದ್ರೆ ನಾವು ಬಿಲ್ ಜೋಡಿಸ್ಕೊಂಡೇ ಮುದುಕಿಯರಾಗ್ತೀವಿ” ಎಂದಳು ಆ ಹುಡುಗಿ. ಅವಳಿಗೆ ಮುಂದಿನ ತಿಂಗಳು ಮದುವೆಯಂತೆ. ಅದು ನಿನಗೆ ಗೊತ್ತಾ?

ನೀನು ಸಿಎ ಪರೀಕ್ಷೆಗೆ ಓದುವಾಗ ಮಗುವನ್ನು ಸೊಂಟದ ಮೇಲೆ ಹಾಕಿಕೊಂಡು ತಾರಸಿ ಸುತ್ತಿದವಳು ನಾನು. ಅದರ ಅಳು ನಿನ್ನ ಕಿವಿಗೆ ಬೀಳಬಾರದು ಎಂದು ಬಿಸಿಲಲ್ಲೂ ಕೆಳಗೆ ಇಳಿಯಲಿಲ್ಲ. ಆ ಸೊಂಟವನ್ನೇ ಈಗ ಹಾಸಿಗೆಗೆ ಹಾಕಿದ್ದೀರಿ, ಗಂಡ ಹೆಂಡತಿ ಸೇರಿ.

ನಾನು ನಿನ್ನ ಆಫೀಸಿಗೆ ಹೋಗಿ ಬಾಯಿಬಿಟ್ಟರೆ ತಾನು ಈ ಮನೆಯಲ್ಲಿ ಇರುವುದಿಲ್ಲ ಎಂದ ನಿನ್ನ ಗಂಡ. “ಹೋಗಪ್ಪಾ, ನಿನ್ನ ಹೊದಿಕೆ ಮಡಿಸೋ ಕೆಲಸ ಉಳಿಯುತ್ತೆ” ಅಂದೆ. ಅಂದದ್ದೇನೋ ಅಂದೆ. ಮಲಗುವ ಮೊದಲು ಅವನ ಶೂ ಬಾಗಿಲಲ್ಲೇ ಇದೆಯಾ ಎಂದು ಎರಡು ಸಲ ನೋಡಿ ಬಂದೆ. ಇರುವವನು ಒಬ್ಬನೇ ಮಗ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವನು ಹೊರಟುಹೋಗಿದ್ದ. ಎಲ್ಲಿಗೆ ಎಂದು ಗೊತ್ತಿಲ್ಲ. ಅದನ್ನೂ ತಿಳಿದುಕೊಂಡೇ ನಿರ್ಧಾರ ಮಾಡು.

ಕುರ್ಚಿ ಬೇಡವೆಂದರೆ ಬೇಡ ಎನ್ನು, ನಾನು ತುಟಿ ಬಿಚ್ಚುವುದಿಲ್ಲ. ಆದರೆ ನಿನ್ನ ಬಾಯಿಂದ, ನಿನ್ನ ಕಾರಣ ಹೇಳಿ ಬೇಡ ಎನ್ನು. ನನ್ನ ಹಾಸಿಗೆ ತೋರಿಸಿ ಎನ್ನಬೇಡ. ಕೈ ಎತ್ತಿಸಿ ಆರಿಸುವವರೆಗೂ ಹೆಸರು ಮತ್ತೆ ಕೊಡಬಹುದಂತೆ, ಹುಡುಗಿ ಹೇಳಿದ್ದಾಳೆ.

ಮಂಡಿ ನೋಯುತ್ತದೆ, ಅದು ನಿಜ, ಬಚ್ಚಿಡುವುದಿಲ್ಲ. ಮುಲಾಮು ಹಚ್ಚಿಕೊಳ್ಳಲು ನನಗೇ ಬರುತ್ತದೆ.

ಇಂತಿ,
ಹಾಸಿಗೆಯಲ್ಲಿ ಇಲ್ಲದ ನಿನ್ನ ಅತ್ತೆ

ತಾ.ಕ.: ನಾನು ನಿಮ್ಮ ಆಫೀಸಿನಲ್ಲೇ ಇದ್ದೇನೆ, ನೀವೆಲ್ಲ ಕೂತಿರುವ ಮೀಟಿಂಗ್ ರೂಮಿನ ಎದುರಿನ ಸೋಫಾದಲ್ಲಿ. ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಹತ್ತಿಯೇ ಬಂದೆ. ಬಂದ ಕಾರಣ ಬರೆಯಿರಿ ಎಂದು ಬಾಗಿಲ ಬಳಿಯ ಹುಡುಗಿ ಈ ದಾರದ ಪೆನ್ನಿನ ಸಮೇತ ಪುಸ್ತಕ ಕೊಟ್ಟಳು, ‘ದಾಸ್ತಾನು ಪರಿಶೀಲನೆ’ ಎಂದು ಬರೆದೆ. ಆ ಸಾಹೇಬರುಗಳಿಗೆ ಹೇಳು, ವಸ್ತು ಹೊರಗೆ ಕೂತಿದೆ, ಬಂದು ಕಣ್ಣಾರೆ ನೋಡಿ ಟಿಕ್ ಹಾಕಿ ಎಂದು. ನೀನು ಕರೆಯದೆ ನಾನು ಒಳಗೆ ಕಾಲಿಡುವುದಿಲ್ಲ. ಇಷ್ಟು ಬರೆಯುವಷ್ಟರಲ್ಲಿ ನಿನ್ನ ಗಂಡನೂ ಮೆಟ್ಟಿಲು ಹತ್ತಿ ಬಂದ. ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ. ಸಾಹೇಬರ ಹತ್ತಿರ ತಾನೇ ಹೇಳುತ್ತಾನೋ, ನನ್ನನ್ನು ಎಬ್ಬಿಸಿಕೊಂಡು ಹೋಗಲು ಬಂದಿದ್ದಾನೋ ತಿಳಿಯದು. ಏದುಸಿರು ಬಿಡುತ್ತಿದ್ದಾನೆ, ಈಗ ಯಾರಾದರೂ ನೋಡಿದರೆ ಹಾಸಿಗೆ ಹಿಡಿದವನು ಇವನೇ ಎನ್ನುತ್ತಾರೆ. ಚಹಾ ಕೊಡುವ ಹೆಂಗಸು ಟ್ರೇ ಹಿಡಿದು ಬಾಗಿಲು ತಳ್ಳುತ್ತಿದ್ದಾಳೆ. ನಿನ್ನ ಕಪ್ಪು ಯಾವುದೆಂದು ಅವಳನ್ನೇ ಕೇಳಿ, ಕಾಗದವನ್ನು ಅದರ ಕೆಳಗೆ ಇಡುತ್ತಿದ್ದೇನೆ.