ಹಾಡು ಬೇಡ, ಬೀಪ್ ಸಾಕು

ನವೆಂಬರ್ ೧೨, ಮಂಗಳವಾರ

ನಿನ್ನೆ ರಾತ್ರಿ ಅಲಾರಂ ಇಟ್ಟಿದ್ದ ಇಂಟರ್ನೆಟ್ ರೇಡಿಯೋ ಕೂಗಲೇ ಇಲ್ಲ. ನಡುರಾತ್ರಿ ಅದು ಹಾಡಬೇಕಿತ್ತು, ನಾನು ಎದ್ದು ಮಗಳ ರಕ್ತದ ಸಕ್ಕರೆ ಮಟ್ಟ ನೋಡಬೇಕಿತ್ತು. ಇಂಟರ್ನೆಟ್ ಹೋಗಿ, ಸ್ಟೇಷನ್ ಸಿಗದೆ ಅದು ಸುಮ್ಮನೆ ಕೂತಿತ್ತು. ಬಾಯಾರಿ ಎದ್ದವಳು ಸುಮ್ಮನೆ ಅವಳ ಹಣೆ ಮುಟ್ಟಿದೆ. ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು; ಸಕ್ಕರೆ ತೀರಾ ಇಳಿದುಹೋಗಿತ್ತು. ಕೂಗಿ ಕೂಗಿ ಎಬ್ಬಿಸಿದ ಮೇಲೆ ಕಣ್ಣು ತೆರೆದಳು. ಸಕ್ಕರೆ ನೀರು ಕುಡಿಸುವಾಗ ಅರ್ಧ ದಿಂಬಿನ ಮೇಲೆ ಚೆಲ್ಲಿತು.

ಸಂಜೆ ತಮ್ಮ ಬಂದ.

"ಅಲಾರಂಗೆ ಹಾಡು ಯಾಕಕ್ಕಾ ಇಟ್ಟೆ? ಹಾಡು ನೆಟ್‌ನಿಂದ ಬರ್ಬೇಕು. ಬೀಪ್ ಆದ್ರೆ ಇದರ ಹೊಟ್ಟೇಲೇ ಇದೆ."

ಬದಲಾಯಿಸಿದ. ವೈಫೈ ಆರಿಸಿ ನೋಡಿದೆವು, ಕಿವಿ ಕಿತ್ತುಹೋಗುವ ಹಾಗೆ ಕೂಗಿತು.

"ಕರೆಂಟೇ ಹೋದ್ರೆ?"

"ಫೋನಲ್ಲೂ ಇಡು."

"ಅದನ್ನ ನಿದ್ದೆಗಣ್ಣಲ್ಲಿ ಆರಿಸಿಬಿಡ್ತೀನಿ ಕಣೋ."

"ಹಾಗಾದ್ರೆ ಕೈಗೆ ಸಿಗದ ಹಾಗೆ ಬೀರು ಮೇಲಿಡು."

ಇಟ್ಟಿದ್ದೇನೆ. ಆದರೂ ಕಣ್ಣು ಮುಚ್ಚಲು ಧೈರ್ಯವಿಲ್ಲ.

ಮಗಳು ಮಲಗಿದ್ದಾಳೆಂದುಕೊಂಡು ದೀಪ ತಗ್ಗಿಸಿದೆ.

"ಅಮ್ಮಾ, ನೀನು ಮಲಕ್ಕೋ. ಬೀಪ್ ಆಗತ್ತಾ ಅಂತ ನಾನು ನೋಡ್ತಿರ್ತೀನಿ."

ನನ್ನ ಹೆದರಿಕೆ ಅವಳಿಗೆ ಗೊತ್ತಾಗಬಾರದೆಂದು ದಿನವಿಡೀ ನಗುತ್ತಲೇ ಇದ್ದೆ. ಎಂಟು ವರ್ಷದ ಕೂಸು ನನಗಾಗಿ ಕಾವಲು ಕಾಯಲು ಹೊರಟಿದೆ. ಪಕ್ಕದಲ್ಲಿ ಕೂತು ತಟ್ಟಿದೆ, ತಟ್ಟುತ್ತಲೇ ಇದ್ದೆ. ಈಗ ನನ್ನ ಎಡಗೈ ಹಿಡಿದುಕೊಂಡೇ ನಿದ್ದೆಹೋಗಿದ್ದಾಳೆ. ಸಣ್ಣಗೆ ಉಸಿರಾಡುತ್ತಿದ್ದಾಳೆ. ಪೆನ್ನಿನ ಸದ್ದಿಗೆ ಅದು ಸರಿಯಾಗಿ ಕೇಳಿಸುತ್ತಿಲ್ಲ, ಬರೆದದ್ದು ಸಾಕು.