ಬೀನ್ಸ್ ಬಾಡಿದ ಹಿತ್ತಿಲ ಮಣ್ಣು

ಮಾರ್ಚ್ ೧೪

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ನನಗೆ ಮುಖವಿರಲಿಲ್ಲ, ಬೈದುಕೊಂಡೇ ಓದು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲೂ ಹಿತ್ತಿಲಿಗೆ ಬೆನ್ನು ಹಾಕಿಯೇ ಕೂರುತ್ತಾರೆಂದು ನೀನು ಬರೆದಿದ್ದೆ. ಅದಕ್ಕೆ ನಾನೇ ಕಾರಣ.

ಗಣಿ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಎಷ್ಟು ಆಸೆಯಿಂದ ಬೀನ್ಸ್ ಹಾಕಿದ್ದರು! ಎಲೆ ಹಳದಿಯಾಗಿ ಬಾಡಿದಾಗ ಮಣ್ಣನ್ನು ಪೊಟ್ಟಣ ಕಟ್ಟಿ ನನಗೆ ಕಳಿಸಿದರು. ನಾಲ್ಕು ವರ್ಷದ ಹಿಂದಿನ ಮಾತು. "ಸತು ಇದೆ ಭಾವ, ಆದ್ರೆ ಕಲ್ಲಿನೊಳಗೆ ಗಟ್ಟಿಯಾಗಿ ಕೂತಿದೆ, ಬೇರಿಗೆ ಸಿಗಲ್ಲ, ಗಿಡಕ್ಕೆ ಅದ್ರಿಂದ ತೊಂದ್ರೆ ಇಲ್ಲ. ನಿಮ್ಮ ಆರೈಕೆ ಸಾಲದು" ಎಂದು ಫೋನಿನಲ್ಲೇ ತೀರ್ಪು ಕೊಟ್ಟೆ. "ಹಾಗಾದ್ರೆ ನನ್ನ ಕೈಗುಣಾನೇ ಸರಿ ಇಲ್ಲ ಬಿಡು, ಮಣ್ಣುಪಂಡಿತ" ಎಂದು ನಕ್ಕರು. ನಾನೂ ನಕ್ಕೆ.

ಈಗ ನಮ್ಮ ಪ್ರಯೋಗಾಲಯದಲ್ಲಿ ಗಣಿ ಸುತ್ತಲಿನ ಮಣ್ಣಿನ ಸತುವನ್ನು ಅಳೆಯುವ ಎರಡು ವಿಧಾನಗಳನ್ನು ಹೋಲಿಸುತ್ತಿದ್ದೇವೆ. ಒಂದು, ಅಂದು ನಾನು ಬಳಸಿದ್ದು: ಮಣ್ಣನ್ನು ತೆಳು ಆಮ್ಲದಲ್ಲಿ ಒಂದೇ ಸಲ ಕುಲುಕಿ, ಸೋಸಿ, ಅಳೆದುಬಿಡುವುದು. ಇನ್ನೊಂದರಲ್ಲಿ ಅದೇ ಮಣ್ಣನ್ನು ಬೇರೆ ಬೇರೆ ದ್ರಾವಣಗಳಲ್ಲಿ ಸರದಿಯಂತೆ ತೊಳೆದು, ಸಡಿಲವಾಗಿ ಅಂಟಿದ ಸತು ಎಷ್ಟು, ಸುಣ್ಣದ ಜೊತೆಗಿರುವುದೆಷ್ಟು, ಕಲ್ಲಿನೊಳಗಿನದೆಷ್ಟು ಎಂದು ಬಿಡಿಸಬೇಕು. ಮೂರು ದಿನ ಹಿಡಿಯುತ್ತದೆ. ಗಣಿಯ ಪಕ್ಕದ ನಿಮ್ಮ ಹಿತ್ತಿಲ ಮಣ್ಣನ್ನೂ ಅದರಲ್ಲಿ ಸೇರಿಸಿದೆ.

ಒಂದೇ ಸಲ ಕುಲುಕಿ ಸೋಸಿದ ನೀರಿಗೆ ನೀಲಿ ಲಿಟ್ಮಸ್ ಕಾಗದ ಅದ್ದಿದ ಸಹೋದ್ಯೋಗಿ, "ಸರ್, ಇದು ಕೆಂಪಾಗ್ಲೇ ಇಲ್ವಲ್ಲ!" ಎಂದಳು. ಮಣ್ಣಿನಲ್ಲಿದ್ದ ಸುಣ್ಣವೇ ಆಮ್ಲವನ್ನೆಲ್ಲ ನುಂಗಿಬಿಟ್ಟಿತ್ತು, ಸತು ಹೊರಬಂದೇ ಇರಲಿಲ್ಲ. ಅಂದೂ ಹಾಗೆಯೇ ಆಗಿತ್ತು. ನಾನು ಕಾಗದ ಅದ್ದಿ ನೋಡಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಪ್ಪ ನನ್ನನ್ನು ನೋಡಿಯೇ ಹೇಳುತ್ತಿದ್ದರು, ನಿನಗೆ ನೆನಪಿರಬೇಕು. ಎರಡನೆಯ ವಿಧಾನದಲ್ಲಿ ಸತುವಿನ ಅರ್ಧದಷ್ಟು ಬೇರಿಗೆ ಎಟಕುವಂತೆಯೇ ಇದೆ. ಅಷ್ಟು ಸತು ಗಿಡಕ್ಕೆ ವಿಷ, ಬೀನ್ಸ್ ಬಾಡಿದ್ದು ಅದರಿಂದ. ಭಾವನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ.

ಇದನ್ನು ಅವರಿಗೆ ಓದಿ ಹೇಳು. ಬೇರೆ ಕಡೆಯ ಮಣ್ಣು ತಂದು ಕುಂಡದಲ್ಲಿ ಹಾಕಲಿ, ಬೀಜ ಲಕೋಟೆಯಲ್ಲಿದೆ. ನೀವಿಬ್ಬರೂ ಚೆನ್ನಾಗಿರಿ. ನನಗೆ ಆಶೀರ್ವಾದ ಬೇಡ, ಸಿಕ್ಕಾಗ ಕಿವಿ ಹಿಂಡು.

ನಿನ್ನ ತಮ್ಮ,
ಮಣ್ಣುಪಂಡಿತ

ತಾ.ಕ.: ಆಮೇಲೆ ಭಾವ "ಇನ್ನೊಂದ್ಸಲ ನೋಡಪ್ಪಾ" ಎಂದು ಎರಡನೆಯ ಪೊಟ್ಟಣ ಕಳಿಸಿದ್ದರಲ್ಲ? ನೋಡಿದೆ, ಫಲಿತಾಂಶ ಅದೇ ಎಂದಿದ್ದೆ. ನಾನು ನೋಡಿರಲೇ ಇಲ್ಲ ಅಕ್ಕ. ಈಗ ಅಳೆದದ್ದು ಅದನ್ನೇ. ಅವರು ಹಾಕಿದ ಗಂಟು ನಾಲ್ಕು ವರ್ಷ ಹಾಗೇ ಇತ್ತು. ಇದನ್ನೂ ಓದಿ ಹೇಳು.